ಮೈಲುತುತ್ತಕ್ಕೆ ಒಂದು ಲೆಕ್ಕ, ಮಳೆಗೆ ಇನ್ನೊಂದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲ ಹಿಡಿಯುವ ಹೊತ್ತಿಗೆ ಒಂದೊಂದು ಮನೆಯಲ್ಲೂ ಮೂರು ಹವಾಮಾನ ಇಲಾಖೆಗಳು ಕೆಲಸ ಶುರುಮಾಡುತ್ತವೆ. ಒಂದು, ಗೋಡೆಯ ಮೊಳೆಗೆ ನೇತಾಡುವ ಪಂಚಾಂಗ. ಎರಡನೆಯದು, ನೆಟ್‌ವರ್ಕ್ ಸಿಗುವ ಧರೆಯ ಮೇಲೆ ನಿಂತು ನೋಡುವ ಮೊಬೈಲು. ಮೂರನೆಯದು, ಅಂಗಳದ ತುದಿಗೆ ಹೋಗಿ ಪಡುವಣದ ಕಡೆ ಮುಖ ಮಾಡಿ "ಮಧ್ಯಾಹ್ನದ ತನಕ ಅಡ್ಡಿಲ್ಲ" ಎಂದು ಹೇಳುವ ಮನೆಯ ಹಿರಿಯರು. ಮೂರೂ ಇಲಾಖೆಗಳು ಮೂರು ಮಾತು ಹೇಳಿದರೂ ನಮಗೆ ಏನೂ ತೊಂದರೆ ಆಗುವುದಿಲ್ಲ. ಮೂರನ್ನೂ ಕೇಳಿ, ಕಡೆಗೆ ನಮಗೆ ಬೇಕಾದ ದಿನವೇ ಮದ್ದು ಹೊಡೆಸುತ್ತೇವೆ.

ಇದನ್ನು ಮೂಢನಂಬಿಕೆ ಎಂದು ಬೈಯುವವರಿದ್ದಾರೆ, ಸಂಸ್ಕೃತಿ ಎಂದು ಹೊಗಳುವವರೂ ಇದ್ದಾರೆ. ನಮಗೆ ಎರಡೂ ಅವಸರದ ಮಾತು ಅನಿಸುತ್ತದೆ. ಒಬ್ಬನೇ ಮನುಷ್ಯ ಬೆಳಿಗ್ಗೆ ರಸಾಯನಶಾಸ್ತ್ರದ ಮೇಷ್ಟ್ರಂತೆ ಲೆಕ್ಕ ಹಾಕಿ, ಸಂಜೆ ಅದೇ ತೋಟಕ್ಕೆ ದೃಷ್ಟಿ ತಾಗಿದೆ ಎಂದು ಕಾಯಿ ಸುಳಿದು ಒಡೆಯುತ್ತಾನಲ್ಲ, ಅವನ ತಲೆಯೊಳಗೆ ಏನು ನಡೆಯುತ್ತಿರಬಹುದು ಎಂಬುದೇ ನಮ್ಮ ಕುತೂಹಲ. ಆ ಮನುಷ್ಯ ಬೇರೆ ಯಾರೂ ಅಲ್ಲ. ನಮ್ಮ ಅಪ್ಪ, ದೊಡ್ಡಪ್ಪ, ಪಕ್ಕದ ಮನೆಯ ಭಾವ. ಎಷ್ಟೋ ಸಲ ನಾವೇ.

ಮೊದಲು ಮದ್ದಿನ ವಿಚಾರ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಅಳತೆ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಐವತ್ತು ಲೀಟರಿನಲ್ಲಿ ತುತ್ತ ಬೇರೆ, ಐವತ್ತರಲ್ಲಿ ಸುಣ್ಣ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ತಿರುಗಾಮುರುಗ ಮಾಡಿದರೆ ಮದ್ದು ಕೆಡುತ್ತದೆ. ಕಬ್ಬಿಣದ ಪಾತ್ರೆ ಕೂಡದು. ಮಾಡಿದ ದಿನವೇ ಮುಗಿಸಬೇಕು. ಆಮೇಲೆ ಕೊನೆಗೌಡ ಸೊಂಟದ ಕತ್ತಿ ತೆಗೆದು ಒರೆಸಿ ಆ ನೀಲಿ ನೀರಿನಲ್ಲಿ ಒಂದಷ್ಟು ಹೊತ್ತು ಅದ್ದುತ್ತಾನೆ. ಎತ್ತಿ ನೋಡಿದಾಗ ಅಲಗಿಗೆ ಕೆಂಪು ಹತ್ತಿದ್ದರೆ "ಸುಣ್ಣ ಸಾಲ ಹೆಗಡೇರೆ" ಎನ್ನುತ್ತಾನೆ. ಮತ್ತಿಷ್ಟು ಸುಣ್ಣದ ನೀರು ಬೀಳುತ್ತದೆ. ಮತ್ತೆ ಕತ್ತಿ ಅದ್ದುತ್ತಾರೆ.

ಕೆಂಪು ಹತ್ತುವುದು ಯಾಕೆಂದರೆ, ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ನೀರಿನಲ್ಲಿದ್ದರೆ ಕಬ್ಬಿಣ ತಾನು ಕರಗಿ ಆ ತಾಮ್ರವನ್ನು ಹೊರಗೆ ಹಾಕುತ್ತದೆ. ಅದು ಅಲಗಿನ ಮೇಲೆ ಕೂರುತ್ತದೆ. ಹಾಗೆ ಉಳಿದ ತಾಮ್ರವೇ ಎಳೆ ಕಾಯಿಯನ್ನೂ ಸಿಂಗಾರವನ್ನೂ ಸುಡುವುದು. ಕೊನೆಗೌಡನಿಗೆ ಈ ರಾಸಾಯನಿಕ ಕ್ರಿಯೆಯ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಅವನು ಮಾಡಿದ್ದು ಅಪ್ಪಟ ಪ್ರಯೋಗ. ಮದ್ದು ಸರಿಯಾಗಿದೆ ಎಂದು ನಂಬಿ ಮರ ಹತ್ತಲಿಲ್ಲ, ಸರಿಯಿಲ್ಲದಿದ್ದರೆ ಏನು ಕಾಣಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ನೋಡಿದ. ಕತ್ತಿ ಯಾರ ಮುಖವನ್ನೂ ನೋಡುವುದಿಲ್ಲ. ಯಜಮಾನರ ಮನೆಯ ಮದ್ದಾದರೂ ಕೆಂಪಾಗುವುದಿದ್ದರೆ ಕೆಂಪಾಗುತ್ತದೆ, ಸೋಮವಾರವಾದರೂ ಅಮಾವಾಸ್ಯೆಯಾದರೂ ಅಷ್ಟೇ.

ಈ ಮದ್ದು ಹುಟ್ಟಿದ ಕಥೆಯೂ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಸುತ್ತಮುತ್ತ ರಸ್ತೆ ಪಕ್ಕದ ದ್ರಾಕ್ಷಿ ತೋಟಗಳಲ್ಲಿ ಹಣ್ಣು ಕದಿಯುವವರ ಕಾಟ. ವಿಷ ಹಾಕಿದಂತೆ ಕಾಣಲಿ ಎಂದು ಬೆಳೆಗಾರರು ತುತ್ತ, ಸುಣ್ಣ ಕಲಸಿ ಅಂಚಿನ ಬಳ್ಳಿಗಳಿಗೆ ಬಳಿಯುತ್ತಿದ್ದರು. 1882ರಲ್ಲಿ ಅಲ್ಲಿಯ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಆ ದಾರಿಯಲ್ಲಿ ಹೋಗುವಾಗ ಗಮನಿಸಿದ. ಒಳಗಿನ ಬಳ್ಳಿಗಳಿಗೆಲ್ಲ ಬೂಜುರೋಗ ಬಂದು ಎಲೆ ಉದುರಿದೆ, ಕಳ್ಳರಿಗೆಂದು ಬಳಿದ ಸಾಲು ಮಾತ್ರ ಹಸಿರಾಗಿದೆ. ಪ್ರಯೋಗ ಮಾಡಿ ನೋಡಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿಯೂ ತೋಟದ ಬಾಗಿಲಿಗೆ ಬೆರ್ಚಪ್ಪ ನಿಲ್ಲಿಸುತ್ತೇವಲ್ಲ, ಅದರ ಹಾಗೆಯೇ. ಅವರ ಬೆರ್ಚಪ್ಪ ಔಷಧಿಯಾಗಿ ಹೋಯಿತು.

ಇಲ್ಲಿ ಅಡಿಕೆಯ ಕೊಳೆಗೆ ಕಾರಣವಾದ ಶಿಲೀಂಧ್ರವನ್ನು ಹಿಡಿದು ಬರೆದಿಟ್ಟವನು ಲೆಸ್ಲಿ ಕೋಲ್ಮನ್. ಕೆನಡಾದವನು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ. ಕೊಳೆರೋಗದ ಮೇಲೆ ಅವನ ವರದಿ ಬಂದದ್ದು 1910ರಲ್ಲಿ. ಆಗ ನಮ್ಮ ಶಿರಸಿ ಸೀಮೆ ಮೈಸೂರಿಗೆ ಸೇರಿರಲಿಲ್ಲ, ಮುಂಬಯಿ ಪ್ರಾಂತ್ಯದಲ್ಲಿತ್ತು. ಕೊಳೆಗೆ ಗಡಿ ಗೊತ್ತಿರಲಿಲ್ಲ, ಆದ್ದರಿಂದ ಮದ್ದೂ ಗಡಿ ದಾಟಿತು. ಅದಕ್ಕೂ ಮೊದಲು ಕೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದ ಹಾಗೆ ಮಾಡುತ್ತಿದ್ದರು. ಅದೂ ದಡ್ಡತನವಲ್ಲ. ನೀರು ತಾಗಿದರೆ ಕೊಳೆ ಎಂಬುದನ್ನು ಕಣ್ಣಲ್ಲೇ ನೋಡಿ ಕಲಿತಿದ್ದರು.

ಹೀಗೆ ಕಳ್ಳರ ಮದ್ದನ್ನು ಒಪ್ಪಿಕೊಂಡ, ಕತ್ತಿ ಅದ್ದಿ ಪರೀಕ್ಷೆ ಮಾಡುವ ನಾವು, ಎರಡು ಸಲ ಮದ್ದು ಹೊಡೆದರೂ ಕೊಳೆ ಬಂದರೆ ಏನು ಮಾಡುತ್ತೇವೆ? ಮದ್ದು ಒಣಗುವ ಮೊದಲೇ ಮಳೆ ಬಂತೋ, ಎರಡನೇ ಮದ್ದು ನಲವತ್ತೈದು ದಿನ ದಾಟಿತೋ, ಕೊನೆಯ ಹಿಂಬದಿಗೆ ಮದ್ದು ತಾಗಲಿಲ್ಲವೋ ಎಂದು ಮಾತಾಡುತ್ತೇವೆ, ಅದು ಹೌದು. ಅದರ ಜೊತೆಗೇ ನಾಗಬನಕ್ಕೆ ತಪ್ಪಿದ ತಂಬಿಲವೂ ನೆನಪಾಗುತ್ತದೆ.

ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಮೊದಲನೇ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಹೋಗಿ ಉಳಿದಿದ್ದ. ಅಲ್ಲಿಯವರು ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ತಂತ್ರ ಏನೂ ಮಾಡುವುದಿಲ್ಲವಂತೆ, ಹೋದರೆ ಮೀನು ಸಿಕ್ಕೇ ಸಿಗುತ್ತದೆ. ಹೊರಸಮುದ್ರಕ್ಕೆ ಹೋಗುವಾಗ ಮಾತ್ರ ದೊಡ್ಡ ವಿಧಿಗಳು ನಡೆಯುತ್ತವೆ, ಅಲ್ಲಿ ಪ್ರಾಣಕ್ಕೇ ಭರವಸೆಯಿಲ್ಲ. ಅವರಿಗೆ ಎರಡರ ವ್ಯತ್ಯಾಸ ಗೊತ್ತಿಲ್ಲ ಎಂದಲ್ಲ. ದೋಣಿ ಕಟ್ಟುವ ಜಾಣ್ಮೆಯ ಬದಲು ಮಂತ್ರ ಹೇಳುತ್ತಿರಲಿಲ್ಲ, ದೋಣಿ ಗಟ್ಟಿಯಾಗಿ ಕಟ್ಟಿದ ಮೇಲೆ ಹೇಳುತ್ತಿದ್ದರು. ಇದನ್ನು ಓದಿದಾಗ ನಮಗೆ ನಮ್ಮ ತೋಟವೇ ಕಂಡಿತು. ಬಾವಿಯಿಂದ ನೀರು ಸೇದುವಾಗ ಯಾರೂ ಹರಕೆ ಹೊರುವುದಿಲ್ಲ. ಬೋರ್‌ವೆಲ್ ತೆಗೆಸುವಾಗ ಕೈಯಲ್ಲಿ ತೆಂಗಿನಕಾಯಿ ಹಿಡಿದು ನಡೆಯುವವರನ್ನು ಕರೆಸುತ್ತೇವೆ, ಯಾಕೆಂದರೆ ನೆಲದ ಕೆಳಗೆ ಲಕ್ಷ ರೂಪಾಯಿ ಇಳಿಯುತ್ತದೆ, ಮೇಲೆ ಏನೂ ಕಾಣುವುದಿಲ್ಲ. ನೀರು ಬಿದ್ದರೆ ಕಾಯಿ ಹಿಡಿದವರ ಕೈಗುಣ, ಬೀಳದಿದ್ದರೆ ನಮ್ಮ ಹಣೆಬರಹ. ಇದರಲ್ಲಿ ಸೋಲುವುದು ಬೋರ್ ತೆಗೆಸಿದವನೊಬ್ಬನೇ ಎಂಬುದನ್ನು ಗಮನಿಸಿ. ಕತ್ತಿಗೂ ಕಾಯಿಗೂ ಇರುವ ವ್ಯತ್ಯಾಸ ಅದೇ. ಕತ್ತಿ ತಪ್ಪು ಮಾಡಿದರೆ ಅದು ತಪ್ಪು ಎಂದು ತಿಳಿಯುವ ದಾರಿ ಇದೆ.

ಮಳೆನಕ್ಷತ್ರದ ವಿಚಾರ ಇಷ್ಟು ಸುಲಭ ಇಲ್ಲ. ವಿಜ್ಞಾನ ಓದಿದ ಕೆಲವರು "ನಕ್ಷತ್ರಕ್ಕೂ ಮಳೆಗೂ ಎಂತ ಸಂಬಂಧ" ಎಂದು ನಗುತ್ತಾರೆ. ಅವರು ಸ್ವಲ್ಪ ನಿಧಾನಿಸಬೇಕು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ನಾವು ಹೇಳುವುದು ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ನೇರಕ್ಕೆ ಇದ್ದಾನೆ ಎಂಬ ಲೆಕ್ಕ. ಇಪ್ಪತ್ತೇಳು ನಕ್ಷತ್ರ, ಒಂದು ವರ್ಷ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಅಂದರೆ ಇದು ವರ್ಷವನ್ನು ಇಪ್ಪತ್ತೇಳು ತುಂಡು ಮಾಡಿದ ಸೌರ ಕ್ಯಾಲೆಂಡರ್. ಜೂನ್ ಕೊನೆಯ ವಾರ ಎನ್ನುವ ಬದಲು ಆರಿದ್ರಾ ಎನ್ನುತ್ತೇವೆ, ಅಷ್ಟೇ. ಮುಂಗಾರು ಬರುವುದೂ ಸೂರ್ಯನ ಲೆಕ್ಕದಿಂದಲೇ ಆದ್ದರಿಂದ ಆ ಹೆಸರಿಗೂ ಮಳೆಗೂ ಹೊಂದಿಕೆ ಇರುತ್ತದೆ. ಹದಿನಾಲ್ಕು ದಿನದ ತುಂಡು ರೈತನ ಕೆಲಸಕ್ಕೆ ತಿಂಗಳಿಗಿಂತ ಹೆಚ್ಚು ಅನುಕೂಲ. ಇದು ಮೂಢನಂಬಿಕೆ ಅಲ್ಲ, ಒಳ್ಳೆಯ ಬುಕ್‌ಕೀಪಿಂಗ್.

ಅದೇ ಪುಟದಲ್ಲಿ ಕೆಳಗೆ ವಾಹನ ಇರುತ್ತದೆ. ಈ ಮಳೆಗೆ ಕಪ್ಪೆ, ಆ ಮಳೆಗೆ ಕುದುರೆ, ಮತ್ತೊಂದಕ್ಕೆ ಕತ್ತೆ. ಕಪ್ಪೆ ಬಂದರೆ ಒಳ್ಳೆಯ ಮಳೆ, ಕತ್ತೆ ಬಂದರೆ ಕಡಿಮೆ. ಇದು ನಕ್ಷತ್ರಗಳನ್ನು ಎಣಿಸಿ ಭಾಗಿಸಿ ಬರುವ ಉತ್ತರ. ಆ ಲೆಕ್ಕದಲ್ಲಿ ಅರಬ್ಬೀ ಸಮುದ್ರವೂ ಇಲ್ಲ, ಗಾಳಿಯೂ ಇಲ್ಲ, ಮೋಡವೂ ಇಲ್ಲ. ಬಳ್ಳಾರಿಗೂ ನಿಲ್ಕುಂದಕ್ಕೂ ಒಂದೇ ಕಪ್ಪೆ! ಮೇಲಿನ ಸಾಲು ಗಟ್ಟಿ ಇದೆ ಎಂಬ ಗೌರವದಲ್ಲಿ ಕೆಳಗಿನ ಸಾಲಿಗೂ ನಾವು ಕೈ ಮುಗಿಯುತ್ತೇವೆ. ಒಂದೇ ಪುಸ್ತಕದ ಒಂದೇ ಪುಟದಲ್ಲಿ ಖಗೋಳವೂ ಕಪ್ಪೆಯೂ ಅಕ್ಕಪಕ್ಕ ಕೂತರೆ ಬೇರೆ ಮಾಡುವುದು ಕಷ್ಟ.

ಗಟ್ಟಿ ಎಂದ ಸಾಲಿನಲ್ಲೂ ಒಂದು ಜರುಗುವಿಕೆ ಇದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ನಾವು ಉತ್ತರಾಯಣ ಎಂದು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರದ ಲೆಕ್ಕ ಋತುವಿನ ಲೆಕ್ಕಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವೇ ಆಗಿತ್ತು. ಈಗ ಅವರ ಜಯಂತಿ ಮುಗಿದು ಎರಡು ಮೂರು ದಿನದ ಮೇಲೆ ಹಬ್ಬ ಬರುತ್ತದೆ. ಹಾಗಾಗಿ "ನಮ್ಮಜ್ಜನ ಕಾಲದಲ್ಲಿ ಆರಿದ್ರಾ ಅಂದರೆ ಆರಿದ್ರಾ" ಎನ್ನುವವರಿಗೆ ನಕ್ಷತ್ರ ದ್ರೋಹ ಮಾಡಿಲ್ಲ ಎಂದು ಹೇಳಬಹುದು. ಅಜ್ಜನ ಕಾಲದಿಂದ ಅದು ಜರುಗಿದ್ದು ಒಂದೋ ಎರಡೋ ದಿನ. ಮಳೆಯೇ ಬದಲಾಗಿದ್ದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

ತಮಾಷೆ ಎಂದರೆ ಮೊಬೈಲಿನ ಮೇಲೆ ನಮಗೆ ಇರುವ ಸಿಟ್ಟು. ಮೊಬೈಲು ಅರವತ್ತು ಪರ್ಸೆಂಟ್ ಮಳೆ ಎಂದು ತೋರಿಸಿ ಮಳೆ ಬರದಿದ್ದರೆ "ಸುಳ್ಳು ಬೊಗಳೆ" ಎಂದು ವಾರವಿಡೀ ಹೇಳುತ್ತೇವೆ. ಹತ್ತು ಸಲ ಹಾಗೆ ಹೇಳಿದಾಗ ನಾಲ್ಕು ಸಲ ಬರದಿದ್ದರೆ ಅದು ಹೇಳಿದ್ದು ಸರಿ ಎಂದೇ ಅರ್ಥ. ಪಂಚಾಂಗದ ಕಪ್ಪೆ ತಪ್ಪಿದರೆ ಮಾತ್ರ ಯಾರಿಗೂ ನೆನಪಿರುವುದಿಲ್ಲ, ಸರಿಯಾದದ್ದನ್ನು ಮದುವೆ ಮನೆಯಲ್ಲೂ ಹೇಳುತ್ತೇವೆ. ನಮ್ಮ ಕಡೆ ಮಳೆ ಅಳೆದು ಬರೆದಿಡುವ ಮನೆಗಳಿವೆ. ಪಂಚಾಯ್ತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳೂ ಇವೆ. ಹೀಗೆ ಬರೆದಿಡುವವರು ಪಕ್ಕದ ಕಾಲಂನಲ್ಲಿ ವಾಹನವನ್ನೂ ಬರೆದರೆ ನಾಲ್ಕೈದು ವರ್ಷದಲ್ಲಿ ಕಪ್ಪೆಯ ಯೋಗ್ಯತೆ ತಿಳಿದುಬಿಡುತ್ತದೆ. ಕತ್ತಿ ಅದ್ದಿದ ಹಾಗೆಯೇ ಅದು. ಆದರೆ ಬರೆಯುವವರು ಕಡಿಮೆ. ಮೊಬೈಲು ನಮಗೆ ಯಾರೂ ಅಲ್ಲ, ಪಂಚಾಂಗ ಮನೆಯವರ ಹಾಗೆ. ಮನೆಯವರ ತಪ್ಪನ್ನು ಯಾರು ಬರೆದಿಡುತ್ತಾರೆ?

ಇಲ್ಲಿಯ ತನಕ ಹೇಳಿದ್ದರಲ್ಲಿ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಮಂಗನ ಕಾಯಿಲೆಯ ಮಾತು ಹಾಗಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನರಿಗೂ ಜ್ವರ ಬಂತು. ಸಿದ್ದಾಪುರದವರಿಗೆ ಸೊರಬ ದೂರವೇನಲ್ಲ, ಗಡಿ ತಾಲ್ಲೂಕು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದರು, ಅದನ್ನು ಹರಡುವುದು ಉಣುಗು ಎಂದು ಕಂಡುಕೊಂಡರು. ರಷ್ಯಾದ ಓಮ್ಸ್ಕ್ ಎಂಬಲ್ಲಿಯ ಜ್ವರದ ವೈರಸ್ಸಿಗೂ ಇದಕ್ಕೂ ಹೋಲಿಕೆ ಕಂಡಿದ್ದರಿಂದ, ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಯ ಉಣುಗಿನಲ್ಲಿ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ಹಾಕಿ ಬಿಡುವ ದೊಡ್ಡ ಕೆಲಸ ಶುರುಮಾಡಿದ್ದಕ್ಕೆ ಇದೂ ಒಂದು ಕಾರಣ. ಹಕ್ಕಿ ತಂದಿದ್ದು ಎಂಬುದು ಸಾಬೀತಾಗಲಿಲ್ಲ. ಆದರೆ ಆ ಉಂಗುರಗಳಿಂದ ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ಜ್ಞಾನ ದೇಶಕ್ಕೆ ದಕ್ಕಿತು. ಇಂಥ ವಿಷಯ ಓದಿದಾಗ ವಿಜ್ಞಾನದ ಮೇಲೆ ಪ್ರೀತಿ ಬರುತ್ತದೆ. ತಪ್ಪು ಊಹೆಯೂ ಅಲ್ಲಿ ದಂಡವಾಗುವುದಿಲ್ಲ.

ನಮ್ಮ ಬೆಟ್ಟಕ್ಕೆ ಬಂದರೆ ಲೆಕ್ಕ ಬೇರೆ. ಉಣುಗಿನ ಸಣ್ಣ ಮರಿಗಳು ಹೆಚ್ಚಾಗುವುದು ಡಿಸೆಂಬರಿನಿಂದ ಬೇಸಗೆಯ ತನಕ. ನಾವು ಕೊಟ್ಟಿಗೆಗೆ ದರಕು ಒಟ್ಟುವುದೂ ಆಗಲೇ. ಹೆಂಗಸರು ಬಗ್ಗಿ ಗುಡಿಸಿ, ಒಟ್ಟಿ, ತಲೆಯ ಮೇಲೆ ಹೊತ್ತು ತರುವ ಆ ದರಕಿನಲ್ಲೇ ಉಣುಗು ಕೂತಿರುತ್ತದೆ. ಈ ಜ್ವರಕ್ಕೆ ಇಂಥದ್ದೇ ಎಂಬ ಔಷಧಿ ಇಲ್ಲ. ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯಬಹುದು ಎನ್ನುತ್ತಾರೆ. 2020ರಲ್ಲಿಯೂ 2024ರಲ್ಲಿಯೂ ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳು ಇದನ್ನು ಕಂಡಿವೆ. ಅಂಥ ಊರಿನಲ್ಲಿ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆಯ ಬಾಟಲಿ ಮಾಡಿನ ಸಂದಿಯಲ್ಲಿ ಧೂಳು ತಿನ್ನುತ್ತಿರುವುದನ್ನು ನಾವು ನೋಡಿದ್ದೇವೆ. ಕೇಳಿದರೆ "ವಾಸನೆ ಮಾರಾಯ" ಎನ್ನುತ್ತಾರೆ. ಅದೇ ಮನೆಯವರು ಮದ್ದು ಹೊಡೆಯುವಾಗ ಮೈಯೆಲ್ಲ ನೀಲಿಯಾದರೂ ಮಾತಾಡುವುದಿಲ್ಲ. ಅಡಿಕೆ ಉದುರುವುದು ಕಣ್ಣಿಗೆ ಕಾಣುತ್ತದೆ, ಉಣುಗಿನ ಮರಿ ಕಾಣುವುದಿಲ್ಲ.

ಸತ್ತ ಮಂಗನ ವಿಷಯದಲ್ಲಿ ನಂಬಿಕೆಯದು ಎರಡು ಮುಖ. ಮಂಗ ಅಂದರೆ ಹನುಮಂತ. ಸತ್ತು ಬಿದ್ದರೆ ಹೂವು ಹಾಕಿ, ಹತ್ತಿರ ಹೋಗಿ ಕೈ ಮುಗಿದು, ಎತ್ತಿ ಸಂಸ್ಕಾರ ಮಾಡುವವರಿದ್ದಾರೆ. ಸತ್ತ ಮಂಗನ ಮೈ ತಣ್ಣಗಾದ ಮೇಲೆ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ, ಹಾಗಾಗಿ ಕೈ ಮುಗಿಯಲು ನಿಂತ ಜಾಗವೇ ಅಪಾಯದ ಜಾಗ. ಇದು ಒಂದು ಮುಖ. ಇನ್ನೊಂದು ಏನೆಂದರೆ, ದೇವರೆಂಬ ಭಾವನೆ ಇರುವುದರಿಂದಲೇ ಸತ್ತ ಮಂಗನನ್ನು ಕಂಡೂ ಕಾಣದಂತೆ ಯಾರೂ ಹೋಗುವುದಿಲ್ಲ. ಇಲಿ ಸತ್ತರೆ ಸುದ್ದಿಯಾಗುವುದಿಲ್ಲ, ಮಂಗ ಸತ್ತರೆ ಊರಿಗೆಲ್ಲ ತಿಳಿಯುತ್ತದೆ. ಆರೋಗ್ಯ ಇಲಾಖೆಗೆ ಬೇಕಾಗಿರುವುದೂ ಆ ಸುದ್ದಿಯೇ. ಅವರು ಬಂದು ಮಾದರಿ ತೆಗೆದು, ಕಳೇಬರ ಸುಟ್ಟು, ಸುತ್ತ ಕೀಟನಾಶಕ ಹಾಕುತ್ತಾರೆ. ಭಕ್ತಿಯಿಂದ ಫೋನ್ ಮಾಡಿ, ದೂರದಿಂದಲೇ ಕೈ ಮುಗಿದರೆ ಹನುಮಂತನಿಗೂ ಬೇಸರವಿರಲಿಕ್ಕಿಲ್ಲ. ನಂಬಿಕೆಯನ್ನು ಬಿಡಿ ಎಂದು ಭಾಷಣ ಮಾಡುವುದಕ್ಕಿಂತ ಇದು ನಮ್ಮಲ್ಲಿ ಬೇಗ ನಡೆಯುವ ಕೆಲಸ.

ವಿಜ್ಞಾನವೂ ಇಲ್ಲಿ ನಮ್ಮ ತಾಳ್ಮೆ ಪರೀಕ್ಷೆ ಮಾಡಿದೆ. ವರ್ಷಗಟ್ಟಲೆ ಲಸಿಕೆ ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಬಂದು ಹೇಳಿದರು. ಒಂದು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್. ನೋವು ಬಹಳ ಎಂದು ತಪ್ಪಿಸಿಕೊಂಡವರಿದ್ದರು, ಹಾಕಿಸಿಕೊಂಡವರೂ ಇದ್ದರು. ಕಡೆಗೆ ಆ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲ ಎಂದು ನಿಲ್ಲಿಸಿದರು, ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. "ನೋಡಿ, ಅವರಿಗೇ ಗೊತ್ತಿರಲಿಲ್ಲ" ಎಂದು ಲಸಿಕೆ ತಪ್ಪಿಸಿಕೊಂಡವರು ಈಗ ಗೆದ್ದವರ ಹಾಗೆ ಮಾತಾಡುತ್ತಾರೆ. ಹಾಕಿಸಿಕೊಂಡ ಹೆಂಗಸರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಅಳೆದು ನೋಡಿ, ಸಾಲದು ಎಂದು ಹೇಳಿ, ನಿಲ್ಲಿಸಿದ್ದು ಕತ್ತಿಗೆ ಕೆಂಪು ಹತ್ತಿತು ಎಂದು ಒಪ್ಪಿಕೊಂಡ ಹಾಗೆ. ತಡವಾಯಿತು ಎಂಬುದು ಬೇರೆ ಜಗಳ. ಆ ಜಗಳ ನಾವು ಮಾಡಲೇಬೇಕು.

ಇನ್ನು ಯಾರಿಗೂ ಇಷ್ಟವಿಲ್ಲದ ವಿಷಯ, ಅಡಿಕೆ.

ನಾವು ಓದಿದ್ದು ಅಡಿಕೆಯಲ್ಲಿ. ಹಾಸ್ಟೆಲ್ ಫೀಸು, ಮೊದಲ ಮೊಬೈಲು, ಅಕ್ಕನ ಮದುವೆ, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲವೂ ಅಡಿಕೆ ಮೂಟೆಯಿಂದ ಬಂದದ್ದು. ಶಿರಸಿಯ ತೋಟಗಾರರ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ನೂರು ವರ್ಷದಿಂದ ಈ ಸೀಮೆಯ ಉಸಿರು ಆ ವ್ಯಾಪಾರಿ ಅಂಗಳದಲ್ಲೇ ಇದೆ. ಆದ್ದರಿಂದ ಮುಂದಿನದನ್ನು ಬೇರೆ ಊರಿನವರು ಹೇಳಿದ ಹಾಗೆ ಓದಬೇಡಿ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ತಂಬಾಕು ಸೇರಿದ ಕವಳ ಕ್ಯಾನ್ಸರ್‌ಕಾರಕ ಎಂದು 1985ರಲ್ಲೇ ಅದು ಹೇಳಿತ್ತು. 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಕವಳವನ್ನೂ, ಬರೀ ಅಡಿಕೆಯನ್ನೂ ಮೊದಲನೇ ಗುಂಪಿಗೆ ಸೇರಿಸಿತು. ಬೋರ್ಡೋದಿಂದ ಬಂದ ಮಾತನ್ನು ಮರದ ತುದಿಗೆ ಏರಿಸಿದ ನಾವು ಲಿಯೋನಿನಿಂದ ಬಂದ ಮಾತಿಗೆ ಮಾತ್ರ ವಿದೇಶಿ ಪಿತೂರಿ ಎಂದು ಹೆಸರಿಟ್ಟೆವು.

ನಮ್ಮ ಕಡೆಯ ವಾದಗಳಲ್ಲಿ ಒಂದು ಗಟ್ಟಿ ಇದೆ. ಮೊದಲನೇ ಗುಂಪು ಎಂದರೆ ಕ್ಯಾನ್ಸರ್ ಬರಿಸುತ್ತದೆ ಎಂಬುದಕ್ಕೆ ಪುರಾವೆ ಸಾಕಷ್ಟಿದೆ ಎಂದು ಅರ್ಥ, ಎಷ್ಟು ಅಪಾಯ ಎಂಬುದನ್ನು ಆ ಗುಂಪು ಹೇಳುವುದಿಲ್ಲ. ಬಿಸಿಲು, ಹೆಂಡ, ಸಂಸ್ಕರಿಸಿದ ಮಾಂಸ ಎಲ್ಲ ಅದೇ ಗುಂಪಿನಲ್ಲಿವೆ. ಇದನ್ನು ಸಭೆಯಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ, ಬೀಳಬೇಕು ಕೂಡ. ಆದರೆ ಇದು ಪುರಾವೆ ಇಲ್ಲ ಎಂಬ ವಾದವಲ್ಲ. ಪುರಾವೆ ಇದೆ ಎಂದು ಒಪ್ಪಿಕೊಂಡ ಮೇಲೆ ಆಡುವ ಮಾತು. "ಅದು ಗುಟ್ಕಾದ ತಂಬಾಕಿನಿಂದ ಬರುವುದು, ಅಡಿಕೆಯಿಂದಲ್ಲ" ಎಂಬುದು ಎರಡನೇ ವಾದ. ಇದಕ್ಕೆ ತೈವಾನ್ ಅಡ್ಡ ನಿಲ್ಲುತ್ತದೆ. ಅಲ್ಲಿಯವರು ಸಾಮಾನ್ಯವಾಗಿ ತಂಬಾಕು ಹಾಕದೆಯೇ ಅಡಿಕೆ ಜಗಿಯುತ್ತಾರೆ, ಜಗಿಯುವವರಲ್ಲಿ ಬಾಯಿಯ ಕ್ಯಾನ್ಸರ್ ಜಗಿಯದವರಿಗಿಂತ ಹೆಚ್ಚು. ಬಾಯಿಯ ಒಳಚರ್ಮ ಗಡುಸಾಗಿ ದವಡೆ ತೆರೆಯಲಾಗದಂತೆ ಮಾಡುವ ಕಾಯಿಲೆಯಂತೂ ಅಡಿಕೆಗೇ ಅಂಟಿಕೊಂಡದ್ದು.

ಮೂರನೆಯದು ನಮ್ಮ ದೊಡ್ಡಪ್ಪನ ವಾದ, ಎಲ್ಲಕ್ಕಿಂತ ಬಲವಾದದ್ದು. "ನಮ್ಮಜ್ಜ ದಿನಕ್ಕೆ ಹತ್ತು ಕವಳ ಹಾಕ್ತಿದ್ದ. ತೊಂಬತ್ತೆರಡು ವರ್ಷ ಬದುಕಿದ್ದ. ಎಂತ ಆತು ಅವಂಗೆ?"

ಏನೂ ಆಗಲಿಲ್ಲ, ನಿಜ. ದೊಡ್ಡಪ್ಪ ಸುಳ್ಳು ಹೇಳುವವನಲ್ಲ. ಆದರೆ ತೊಂಬತ್ತೆರಡಕ್ಕೆ ಹೋದ ಅಜ್ಜನ ಕಥೆ ಹೇಳಲು ಮೊಮ್ಮಕ್ಕಳಿದ್ದಾರೆ, ಐವತ್ತಕ್ಕೆ ಬಾಯಿ ಹುಣ್ಣಾಗಿ ಹೋದವರ ಕಥೆ ಹೇಳುವವರು ಕವಳದ ಬಟ್ಟಲ ಸುತ್ತ ಕೂತಿರುವುದಿಲ್ಲ. ಅವರ ಸುದ್ದಿ ಬಂದಾಗ "ಅವನಿಗೆ ಬೀಡಿ ಚಟ ಇತ್ತಲಾ" ಎಂದು ಮುಗಿಸುತ್ತೇವೆ. ಮದ್ದು ಹೊಡೆಯದ ತೋಟದಲ್ಲೂ ಕೊಳೆ ಬಾರದ ನಾಲ್ಕು ಮರ ಇರುತ್ತವೆ. ಆ ನಾಲ್ಕು ಮರ ತೋರಿಸಿ ಮದ್ದು ಬೇಡ ಎಂದು ಯಾರಾದರೂ ಹೇಳಿದರೆ ಅವರನ್ನು ದೊಡ್ಡಪ್ಪ ತೋಟದ ಬಾಗಿಲೊಳಗೆ ಬಿಡುವುದಿಲ್ಲ. ಈ ಮಾತನ್ನು ನಾವು ಅವನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗಾರೆ ತೋಟ ಕಡಿಯವಾ?" ಎಂದ.

ಅಲ್ಲಿಗೆ ತರ್ಕ ನಿಂತಿತು. ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಭಾರತದಲ್ಲಿ ಅಡಿಕೆ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಇಡೀ ಸೀಮೆಯ ಸಾಲ, ಬಡ್ಡಿ, ಮದುವೆ ಎಲ್ಲ ಆ ಮರಕ್ಕೆ ಹಬ್ಬಿವೆ, ಕಾಳುಮೆಣಸಿನ ಬಳ್ಳಿಯ ಹಾಗೆ. ಲಿಯೋನಿನವರು ಪುರಾವೆ ಕೊಟ್ಟರು, ಬದಲಿ ಬದುಕು ಕೊಡಲಿಲ್ಲ, ಅದು ಅವರ ಕೆಲಸವೂ ಅಲ್ಲ. ಮನುಷ್ಯ ಒಂದು ಸತ್ಯವನ್ನು ಒಪ್ಪಿಕೊಳ್ಳದೆ ಇರುವುದು ಯಾವಾಗಲೂ ಬುದ್ಧಿ ಕಡಿಮೆಯಾಗಿ ಅಲ್ಲ. ಒಪ್ಪಿಕೊಂಡರೆ ಮರುದಿನ ಬೆಳಿಗ್ಗೆ ಏನು ಮಾಡಬೇಕು ಎಂದು ಗೊತ್ತಿಲ್ಲದೆ ಒಪ್ಪುವುದಿಲ್ಲ. ಎಲೆಚುಕ್ಕಿ ರೋಗ ಬಂದಾಗ ಇದೇ ದೊಡ್ಡಪ್ಪ ವಿಜ್ಞಾನಿಗಳನ್ನು ಕಳಿಸಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿದ್ದ. ಅಲ್ಲಿ ವಿಜ್ಞಾನಿ ಬಂದರೆ ಮರ ಉಳಿಯಬಹುದು, ಇಲ್ಲಿ ವಿಜ್ಞಾನಿ ಬಂದರೆ ಮರದ ಮಾನ ಹೋಗುತ್ತದೆ.

ನಾವು ತೋಟದ ಮಾತು ಬಿಟ್ಟು ಬಾಯಿಯ ಮಾತಿಗೆ ಬಂದೆವು. ತೋಟ ಕಡಿಯುವುದು ದೊಡ್ಡ ಪ್ರಶ್ನೆ, ಸರ್ಕಾರ, ಸೊಸೈಟಿ, ಮಾರುಕಟ್ಟೆ ಎಲ್ಲ ಸೇರಿ ಉತ್ತರಿಸಬೇಕಾದದ್ದು. ದಿನಕ್ಕೆ ಎಷ್ಟು ಕವಳ ಎಂಬುದು ಸಣ್ಣ ಪ್ರಶ್ನೆ. ಹಲ್ಲಿನ ಡಾಕ್ಟರು ಮಾಡುವ ಒಂದು ಸುಲಭದ ಪರೀಕ್ಷೆ ಇದೆ ಎಂದು ಹೇಳಿದೆವು. ತೋರುಬೆರಳು, ನಡುಬೆರಳು, ಉಂಗುರಬೆರಳು, ಮೂರನ್ನೂ ಒಂದರ ಕೆಳಗೊಂದು ಹಿಡಿದು ಬಾಯಿಗೆ ಹಾಕಬೇಕು. ಆರೋಗ್ಯವಾಗಿರುವ ಬಾಯಿಗೆ ಸಾಮಾನ್ಯವಾಗಿ ಮೂರೂ ಬೆರಳು ಹಿಡಿಸುತ್ತವೆ.

"ಕತ್ತಿ ಅದ್ದಿದ ಹಾಂಗೆ" ಎಂದ ದೊಡ್ಡಪ್ಪ, ನಾವು ಹೇಳುವ ಮೊದಲೇ.

ಜಗುಲಿಯ ಮೇಲೆ ಎಲ್ಲರೂ ಬಾಯಿಗೆ ಬೆರಳು ಹಾಕಿಕೊಂಡು ಕೂತೆವು. ಹುಡುಗರಿಗೆ ನಗು. ದೊಡ್ಡಮ್ಮ ಒಳಗಿಂದ ಬಂದು ನೋಡಿ "ಎಂತ ಮಾಡ್ತಾ ಇದ್ರಿ ಎಲ್ಲಾರೂ" ಎಂದು ಕೇಳಿದಳು. ದೊಡ್ಡಪ್ಪನಿಗೆ ಎರಡು ಬೆರಳು ಸಲೀಸಾಗಿ ಹೋದವು. ಮೂರನೆಯದು ಹೋಗಲಿಲ್ಲ. ಅವನು ಕೈ ತೆಗೆದು, ಒರೆಸಿಕೊಂಡು, ಮತ್ತೊಂದು ಸಲ ಹಾಕಿ ನೋಡಿದ. ಈ ಸಲ ಯಾರೂ ನಗಲಿಲ್ಲ. ಇತ್ತೀಚೆಗೆ ಖಾರ ತಾಗಿದರೆ ಬಾಯಿ ಉರಿಯುತ್ತದೆ ಎನ್ನುತ್ತಿದ್ದರು ಎಂದು ದೊಡ್ಡಮ್ಮ ಮೆಲ್ಲಗೆ ಹೇಳಿದಳು. "ವಯಸ್ಸಾತು, ದವಡೆ ಬಿಗಿ ಆಗ್ತು" ಎಂದ ಅವನು, ಆದರೆ ಆ ಮಾತಿನಲ್ಲಿ ಅವನಿಗೇ ಜೋರು ಇರಲಿಲ್ಲ.

ಶುಕ್ರವಾರ ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗಿ ತೋರಿಸುವುದು ಎಂದು ತೀರ್ಮಾನವಾಯಿತು. ದೊಡ್ಡಪ್ಪ ಎದ್ದು ಒಳಗೆ ಹೋದ. ಪಂಚಾಂಗದ ಹಾಳೆ ತಿರುಗಿಸುವ ಸದ್ದು ಕೇಳಿಸಿತು. ಹೊರಗೆ ಬಂದವನು, "ಶುಕ್ರವಾರ ಅಮಾವಾಸ್ಯೆ ಇದ್ದು. ಗುರುವಾರನೇ ಹೋಗಿ ಬಪ್ಪ" ಎಂದ.

ಒಂದು ದಿನ ಮೊದಲೇ ಆಯಿತಲ್ಲ. ನಾವು ಏನೂ ಹೇಳಲಿಲ್ಲ.